ಒಂದೇ ಫೈಬರ್ ಲೈನು, ಮೂರು ಬಾಡಿಗೆದಾರರು: ಸ್ಪೀಡ್ ಹಂಚುವುದು ಹೇಗೆ?

ಪ್ರಶ್ನೆ: ಬಿ.ಎಚ್. ರಸ್ತೆ ಕಟ್ಟಡದವರು, ತುಮಕೂರು

ನಮಸ್ಕಾರ. ತಂದೆಯವರು ಕಟ್ಟಿಸಿದ ಎರಡು ಮಹಡಿಯ ಕಟ್ಟಡ ನಮ್ಮದು. ಕೆಳಗೆ ಜೆರಾಕ್ಸ್ ಅಂಗಡಿ, ಒಂದನೇ ಮಹಡಿಯಲ್ಲಿ ಆಡಿಟರ್ ಆಫೀಸು, ಅದರ ಮೇಲೆ ಟ್ಯೂಷನ್ ಸೆಂಟರ್. ಬಾಡಿಗೆಯಲ್ಲೇ ಇಂಟರ್ನೆಟ್ ಸೇರಿದೆ ಅಂತ ಮಾತು ಕೊಟ್ಟವನು ನಾನು. 100 ಎಂಬಿಪಿಎಸ್ ಲೈನು, ಅಪ್‌ಲೋಡೂ ಅಷ್ಟೇ. ಕಟ್ಟಡದ ಕ್ಯಾಮೆರಾಗಳೂ ಇದೇ ಲೈನಿನಲ್ಲಿವೆ.

ಕಳೆದ ತಿಂಗಳು 20ನೇ ತಾರೀಖು ಸಂಜೆ ಆರು ಗಂಟೆ. ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಸಲ್ಲಿಸಲು ಕೊನೆಯ ದಿನ. ಆಡಿಟರ್ ಅವರ ಕಂಪ್ಯೂಟರಿನಲ್ಲಿ ಯಾವ ಪೇಜೂ ತೆರೆಯಲಿಲ್ಲ. ಮೇಲೆ ಟ್ಯೂಷನ್ ಮೇಷ್ಟ್ರು ಪಾಠದ ವಿಡಿಯೊಗಳನ್ನು ಅಪ್‌ಲೋಡ್ ಮಾಡುತ್ತಿದ್ದರು. ಕೊನೆಗೆ ಆಡಿಟರ್ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮುಗಿಸಿದರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಬಾಡಿಗೆ ತಡ ಮಾಡದ ಮನುಷ್ಯ. ಒಂದು ಮಾತೂ ಆಡಲಿಲ್ಲ. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮೇಷ್ಟ್ರನ್ನು 20 ಎಂಬಿಪಿಎಸ್‌ಗೆ ಕಟ್ಟಿಹಾಕಿದರೆ ಸಾಕಾ? ಆದರೆ ಬೆಳಗ್ಗೆ ಲೈನು ಖಾಲಿ ಇರುತ್ತದೆ. ಆಗಲೂ ಅವರಿಗೆ ಕಡಿಮೆ ಕೊಡುವುದು ಸರಿ ಅನಿಸುವುದಿಲ್ಲ.

ಉತ್ತರ: ನೆಟ್‌ವರ್ಕ್ ಕೆಲಸದವನು, ಕೋಲಾರ

ಸರ್, ಕಟ್ಟಿಹಾಕಬೇಡಿ. ನಿಮ್ಮ ಕ್ಯಾತ್ಸಂದ್ರ ಟೋಲ್ ನೆನಪಿಸಿಕೊಳ್ಳಿ. ಮುಂದೆ ಲಾರಿ ಸಾಲು ನಿಂತರೆ ಹಿಂದಿನ ಕಾರೂ ನಿಲ್ಲಲೇಬೇಕು. ಪೇಜ್ ಬೇಕು ಅಂತ ಕೇಳುವ ಸಣ್ಣ ಕೋರಿಕೆಯೂ ಅಪ್‌ಲೋಡ್ ದಾರಿಯಲ್ಲೇ ಹೋಗಬೇಕು. ಅಲ್ಲಿ ವಿಡಿಯೊ ತುಂಬಿದ್ದರೆ ಆಡಿಟರ್ ಕೋರಿಕೆ ಕಾಯುತ್ತಾ ಕೂರುತ್ತದೆ. ವಿಡಿಯೊ ಹೋಗುವಾಗ ಪಿಂಗ್ ಹಾಕಿ ನೋಡಿ, ಅಂದರೆ ಒಂದು ಸಣ್ಣ ಕೋರಿಕೆ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯಿರಿ. 10 ಮಿಲಿಸೆಕೆಂಡ್ ಇದ್ದದ್ದು 300, 400ಕ್ಕೆ ಏರಿದರೆ ಕಾರಣ ಇದೇ.

ಐದು ಪೋರ್ಟಿನ ಮೈಕ್ರೋಟಿಕ್ ರೌಟರ್ ಸಾಕು. ಒಂದು ಪೋರ್ಟು ಲೈನಿಗೆ, ಉಳಿದ ನಾಲ್ಕು ಮೂರು ಬಾಡಿಗೆದಾರರಿಗೆ ಮತ್ತು ನಿಮ್ಮ ಕ್ಯಾಮೆರಾಗಳಿಗೆ. ಪ್ರತಿ ಪೋರ್ಟಿಗೂ ಬೇರೆ ಬೇರೆ ಐಪಿ ವಿಳಾಸಗಳ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ಗಳ ನಂಬರು) ಗುಂಪು ಕೊಡಿ. ಫೈರ್‌ವಾಲ್‌ನಲ್ಲಿ, ಅಂದರೆ ರೌಟರಿನ ಕಾವಲು ರೂಲ್‌ಗಳಲ್ಲಿ, ಒಬ್ಬರ ಕಂಪ್ಯೂಟರ್ ಇನ್ನೊಬ್ಬರಿಗೆ ಕಾಣದ ಹಾಗೆ ಮಾಡಿ. ಆಡಿಟರ್ ಆಫೀಸಿನಲ್ಲಿ ಊರವರ ಲೆಕ್ಕ ಇರುತ್ತದೆ, ಅಲ್ವಾ?

ಆಮೇಲೆ ಕ್ಯೂ, ಅಂದರೆ ಯಾರಿಗೆ ಎಷ್ಟು ಸ್ಪೀಡ್ ಅಂತ ಹಂಚುವ ರೂಲ್. ಎಲ್ಲರಿಗೂ ಸೇರಿಸಿ ಮೇಲೊಂದು ಪೇರೆಂಟ್ ಕ್ಯೂ ಮಾಡಿ, ಅಪ್‌ಲೋಡ್, ಡೌನ್‌ಲೋಡ್ ಎರಡೂ ಕಡೆ 90 ಎಂಬಿಪಿಎಸ್‌ಗೆ ನಿಲ್ಲಿಸಿ. ಪೂರ್ತಿ 100 ಕೊಟ್ಟರೆ ಡೇಟಾದ ಸಾಲು ಇಂಟರ್ನೆಟ್ ಕಂಪನಿಯ ಡಬ್ಬಿಯಲ್ಲಿ ನಿಲ್ಲುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ. ಅದರ ಕೆಳಗೆ ಲಿಮಿಟ್-ಅಟ್: ಆಡಿಟರ್‌ಗೆ 35, ಟ್ಯೂಷನ್‌ಗೆ 25, ಜೆರಾಕ್ಸ್‌ಗೆ 15, ಕ್ಯಾಮೆರಾಗೆ 15. ಮ್ಯಾಕ್ಸ್-ಲಿಮಿಟ್, ಅಂದರೆ ಗರಿಷ್ಠ ಮಿತಿ, ಎಲ್ಲರಿಗೂ 90. ಲಿಮಿಟ್-ಅಟ್ ಅಂದರೆ ಯಾರೂ ಕಿತ್ತುಕೊಳ್ಳಲಾಗದ ಪಾಲು. ಉಳಿದವರು ಸುಮ್ನಿದ್ದರೆ ಮೇಷ್ಟ್ರಿಗೆ ಪೂರ್ತಿ 90 ಸಿಗುತ್ತದೆ.

ಉತ್ತರ: ಚಿಕ್ಕಬಳ್ಳಾಪುರದಿಂದ

ಒಂದು ಮಾತು. ಲೈನು ನಿಮ್ಮ ಹೆಸರಿನಲ್ಲಿದೆ. ಅದರಲ್ಲಿ ಯಾರೇ ತಪ್ಪು ಮಾಡಿದರೂ ಪೊಲೀಸರು ಮೊದಲು ಕೇಳುವುದು ನಿಮ್ಮನ್ನೇ. ಯಾವ ಪೋರ್ಟು ಯಾರದ್ದು ಅಂತ ಬರೆದಿಡಿ, ರೌಟರ್ ಲಾಗ್ ಉಳಿಸಿ. ಇಂಟರ್ನೆಟ್‌ಗೆ ಅಂತ ಬೇರೆ ದುಡ್ಡು ತೆಗೆದುಕೊಳ್ಳಬೇಡಿ. ಲೈಸೆನ್ಸ್ ಇಲ್ಲದೆ ಮಾರುವ ಹಾಗಿಲ್ಲ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಅಂಗಡಿಯವರು ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. ಆದರೆ ಅದು ಸಾರ್ವಜನಿಕ ವೈಫೈಗೆ, ಅದರ ದಾರಿಯೇ ಬೇರೆ.

ಮತ್ತೆ ಕಟ್ಟಡದವರು, ತುಮಕೂರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಬಾಡಿಗೆ ಹಾಗೇ ಇದೆ. ಭಾನುವಾರ ಕೂತು ರೌಟರ್ ಹಾಕಿದೆ. ಮೊದಲು ಕ್ಯೂ ಕೆಲಸವೇ ಮಾಡಲಿಲ್ಲ, ಮೇಷ್ಟ್ರ ಲ್ಯಾಪ್‌ಟಾಪ್ 90 ದಾಟಿ ಓಡುತ್ತಿತ್ತು. ಮೂರು ಗಂಟೆ ತಲೆ ಕೆಡಿಸಿಕೊಂಡೆ.

ಕೋಲಾರದವರು: ಫಾಸ್ಟ್‌ಟ್ರ್ಯಾಕ್ ಆನ್ ಇದೆ ಸರ್. ಅದು ಕ್ಯೂಗೆ ತೋರಿಸದೇ ಡೇಟಾ ಕಳಿಸಿಬಿಡುತ್ತದೆ. ಫೈರ್‌ವಾಲ್‌ನಲ್ಲಿ ಆ ರೂಲ್ ಡಿಸೇಬಲ್ ಮಾಡಿ ರೌಟರ್ ರೀಬೂಟ್ ಮಾಡಿ.

ಕಟ್ಟಡದವರು: ಅದೇ ಇತ್ತು! ಈಗ ಮೇಲೆ ವಿಡಿಯೊ ಹೋಗುವಾಗಲೂ ಆಡಿಟರ್ ಮೇಜಿನಲ್ಲಿ ಪಿಂಗ್ 20 ದಾಟುತ್ತಿಲ್ಲ. ಮೇಷ್ಟ್ರಿಗೂ ಕೂತು ವಿವರಿಸಿದೆ. ದೊಡ್ಡ ವಿಡಿಯೊಗಳನ್ನು ರಾತ್ರಿ ಒಂಬತ್ತರ ಮೇಲೆ ಹಾಕುತ್ತೇನೆ ಅಂತ ಅವರೇ ಹೇಳಿದರು. ಈ ತಿಂಗಳು 20ನೇ ತಾರೀಖು ಸಂಜೆ ಆರಕ್ಕೆ ಆಡಿಟರ್ ಆಫೀಸಿನಲ್ಲೇ ಕೂತಿರುತ್ತೇನೆ. ಹೇಗಾಯಿತು ಅಂತ ಇಲ್ಲೇ ಬರೆಯುತ್ತೇನೆ.