ಶಾರ್ಜಾಕ್ಕೆ ಬಂದ ಮೇಲೆ ಮಕ್ಕಳ ಕನ್ನಡ: ಶಾಲೆಯಲ್ಲಿ ಹಿಂದಿ ತೆಗೆದುಕೊಳ್ಳುವುದೋ, ಮಲಯಾಳವೋ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ತಾಯಿ, ಈಗ ಶಾರ್ಜಾ)

ಎಲ್ಲರಿಗೂ ನಮಸ್ಕಾರ. ಯಜಮಾನರು ಕೆಲವು ವರ್ಷಗಳಿಂದ ದುಬೈಯ ಒಂದು ಸಂಸ್ಥೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾರೆ. ಈ ಸಲ ಮಾರ್ಚ್ ಕೊನೆಗೆ ನಾನು ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದು ಸೇರಿಕೊಂಡೆ. ದುಬೈಯ ಬಾಡಿಗೆ ನಮಗೆ ನಿಲುಕುವಂಥದ್ದಲ್ಲವಾದ್ದರಿಂದ ಮನೆ ಶಾರ್ಜಾದಲ್ಲಿ, ಮಕ್ಕಳ ಶಾಲೆಯೂ ಇಲ್ಲಿಯೇ. ಮಗಳು ಊರಿನಲ್ಲಿ ಕನ್ನಡ ಮಾಧ್ಯಮದ ಅನುದಾನಿತ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದವಳು. ಇಲ್ಲಿ ಸಿಬಿಎಸ್‌ಇ ಶಾಲೆಯಲ್ಲಿ ಐದನೆಯ ತರಗತಿಗೆ ಸೇರಿದ್ದಾಳೆ. ಮಗ ಒಂದನೆಯ ತರಗತಿ. ಅವನಿಗೆ ಕನ್ನಡ ಅಕ್ಷರಗಳು ಅರ್ಧಕ್ಕರ್ಧ ಮಾತ್ರ ಗೊತ್ತು.

ನಮ್ಮ ದಿನ ಹೇಗೆ ಸಾಗುತ್ತದೆಂದು ಹೇಳಿದರೆ ನನ್ನ ಪ್ರಶ್ನೆ ನಿಮಗೆ ಸ್ಪಷ್ಟವಾದೀತು. ಬೆಳಕು ಹರಿಯುವ ಹೊತ್ತಿಗೆ ಶಾಲೆಯ ಬಸ್ಸು ಬರುತ್ತದೆ. ಯಜಮಾನರೂ ದಟ್ಟಣೆ ಹೆಚ್ಚುವ ಮೊದಲೇ ಹೊರಟು, ಸಂಜೆ ಅದೇ ದಟ್ಟಣೆಯಲ್ಲಿ ಸಿಕ್ಕಿಕೊಂಡು ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಮಕ್ಕಳು ಮಧ್ಯಾಹ್ನ ಕಳೆದು ಬಂದರೆ ಹೊರಗೆ ಆಡುವ ಬಿಸಿಲಲ್ಲ. ಊಟ, ಮನೆಪಾಠ, ಮತ್ತೆ ಟಿವಿ. ಸೂರ್ಯ ಮುಳುಗಿದ ಮೇಲೆ ಪಾರ್ಕಿಗೆ ಕರೆದೊಯ್ಯುತ್ತೇನೆ. ಇಲ್ಲಿ ವಾಟ್ಸಾಪಿನ ಕರೆಗೆ ಅವಕಾಶವಿಲ್ಲದ್ದರಿಂದ ಅಜ್ಜ ಅಜ್ಜಿಯ ಫೋನಿನಲ್ಲಿ ಬೋಟಿಮ್ ಹಾಕಿಸಿದ್ದೇವೆ. ಆದರೆ ಊರಿನ ಸಮಯ ನಮಗಿಂತ ಒಂದೂವರೆ ಗಂಟೆ ಮುಂದೆ. ಮಕ್ಕಳು ಪಾರ್ಕಿನಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅಜ್ಜ ಉಂಡು ಮಲಗಿರುತ್ತಾರೆ.

ಇನ್ನು ಭಾಷೆಯ ವಿಷಯ. ಒಂಬತ್ತನೆಯ ತರಗತಿಯವರೆಗೆ ಅರಬ್ಬಿ ಕಡ್ಡಾಯ. ಅದರ ಜೊತೆಗೆ ಹಿಂದಿ ಅಥವಾ ಮಲಯಾಳ ಆರಿಸಿಕೊಳ್ಳಬೇಕು. ಕನ್ನಡ ಈ ಶಾಲೆಯ ಪಟ್ಟಿಯಲ್ಲಿಲ್ಲ. ಬಸ್ಸಿನಲ್ಲಿ, ನಮ್ಮ ಕಟ್ಟಡದಲ್ಲಿ ಹೆಚ್ಚಿನ ಮಕ್ಕಳು ಮಲಯಾಳ ಮಾತನಾಡುವವರಾದ್ದರಿಂದ ಮಗಳು ಅವರೊಡನೆ ಸಲೀಸಾಗಿ ಬೆರೆತಿದ್ದಾಳೆ. ಮನೆಯಲ್ಲಿ ನಾವು ತುಳು ಮಾತನಾಡುತ್ತೇವೆ. ಮಗ ಮಾತ್ರ ನಾನು ತುಳುವಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸಲು ಆರಂಭಿಸಿದ್ದಾನೆ. ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ಮಕ್ಕಳೂ ಹೆತ್ತವರೂ ಬಿಸಿಲಿನಲ್ಲಿ ಧರಣಿ ಕುಳಿತದ್ದನ್ನು ಕಂಡು ಬೆಳೆದವಳು ನಾನು. ಆ ಕನ್ನಡ ನನ್ನ ಮನೆಯಲ್ಲಿಯೇ ಸದ್ದಿಲ್ಲದೆ ನಿಂತುಹೋಗುವುದನ್ನು ಒಪ್ಪಿಕೊಳ್ಳಲು ನನಗೆ ಸಾಧ್ಯವಿಲ್ಲ.

ಹಿಂದಿಯೋ ಮಲಯಾಳವೋ ಎಂಬುದನ್ನು ಈ ತಿಂಗಳೊಳಗೆ ಶಾಲೆಗೆ ತಿಳಿಸಬೇಕಾಗಿದೆ. ಕನ್ನಡದ ಓದು ಬರಹವನ್ನು ಇಂಥ ದಿನಚರಿಯಲ್ಲಿ ಎಲ್ಲಿ ಸೇರಿಸಬಹುದೆಂಬುದನ್ನೂ ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಪೆರ್ಲದವರು, ಬಹಳ ವರ್ಷಗಳಿಂದ ದುಬೈ)

ತಂಗೀ, ಮೊದಲು ಮಗಳ ಮೇಲಿರುವ ಹೊರೆಯನ್ನು ನೋಡು. ನಾಲ್ಕು ವರ್ಷ ಕನ್ನಡದಲ್ಲಿ ಪರಿಸರ ಪಾಠ, ಗಣಿತ ಓದಿದವಳು ಈಗ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದಬೇಕು. ಮೇಲೆ ಬಲದಿಂದ ಎಡಕ್ಕೆ ಬರೆಯುವ ಅರಬ್ಬಿ ಬೇರೆ. ಊರಿನ ಶಾಲೆಗಳಲ್ಲಿ ಹಿಂದಿ ಆರಂಭವಾಗುವುದೇ ಐದನೆಯ ತರಗತಿಯಲ್ಲಿ, ಇಲ್ಲಿಯ ಸಹಪಾಠಿಗಳು ಅದನ್ನು ಚಿಕ್ಕ ತರಗತಿಯಿಂದಲೇ ಓದಿ ಬಂದಿರುತ್ತಾರೆ. ಮಲಯಾಳವಾದರೆ ಮಾತು ಅವಳಿಗೆ ಗೊತ್ತು, ವರ್ಣಮಾಲೆಯ ಕ್ರಮವೂ ನಮ್ಮದೇ. ಲಿಪಿಯೊಂದನ್ನು ಕಲಿತರೆ ವರ್ಷದೊಳಗೆ ಸಮಸಮ ನಿಲ್ಲುತ್ತಾಳೆ. ನನ್ನ ಮಗಳಿಗೂ ಇದೇ ಕಾರಣಕ್ಕೆ ಮಲಯಾಳವನ್ನೇ ಕೊಡಿಸಿದೆ, ಅವಳ ಕನ್ನಡಕ್ಕೆ ಅದರಿಂದ ಏನೂ ಧಕ್ಕೆಯಾಗಲಿಲ್ಲ. ಮಲಯಾಳ ಕಲಿತರೆ ಕನ್ನಡಕ್ಕೆ ದ್ರೋಹ ಬಗೆದ ಹಾಗೆ ಎಂಬ ಅಳುಕು ನಿನ್ನ ಮನಸ್ಸಿನಲ್ಲಿದ್ದರೆ ಅದನ್ನು ಬಿಟ್ಟುಬಿಡು. ಊರಿನ ಹೋರಾಟ ನಮ್ಮ ಶಾಲೆಯ ಹಕ್ಕಿಗಾಗಿ ನಡೆದದ್ದು, ನೆರೆಯ ಭಾಷೆಯ ಮೇಲಿನ ದ್ವೇಷದಿಂದಲ್ಲ.

ಶಾರ್ಜಾದಲ್ಲಿ ನಿನಗೆ ನಮಗಿಲ್ಲದ ಒಂದು ಅನುಕೂಲವಿದೆ. ಯುಎಇ 2022ರ ಜನವರಿಯಲ್ಲಿ ವಾರದ ರಜೆಯನ್ನು ಶನಿವಾರ, ಭಾನುವಾರಗಳಿಗೆ ಬದಲಾಯಿಸಿತು. ದುಬೈಯಲ್ಲಿ ಮಕ್ಕಳಿಗೆ ಶುಕ್ರವಾರ ಅರ್ಧ ದಿನ ಶಾಲೆ ಉಂಟು. ಶಾರ್ಜಾದಲ್ಲಿ ಶುಕ್ರವಾರವೂ ಪೂರ್ತಿ ರಜೆ. ಯಜಮಾನರು ಕೆಲಸಕ್ಕೆ ಹೋಗಿರುತ್ತಾರೆ, ನೆಂಟರೂ ಬರುವುದಿಲ್ಲ, ಮಕ್ಕಳು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದಿರುತ್ತಾರೆ. ಆ ಬೆಳಗ್ಗೆ ಅಜ್ಜನಿಗೂ ಅನುಕೂಲದ ಹೊತ್ತು. ತೋಟದ ಕೆಲಸ ಮುಗಿಸಿ ಅವರು ಜಗಲಿಯಲ್ಲಿ ಕುಳಿತಿರುವಾಗ ಕರೆ ಮಾಡಿ, ಮಗಳು ಒಂದು ಪುಟವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಲಿ. ನಾನು ಎದುರಿಗೆ ಕುಳಿತು ತಿದ್ದಿದರೆ ಮುಖ ಗಂಟಿಕ್ಕುತ್ತಿದ್ದ ನನ್ನ ಮಗಳು ಅಜ್ಜ ತಿದ್ದಿದರೆ ನಗುತ್ತ ಮತ್ತೊಮ್ಮೆ ಓದುತ್ತಿದ್ದಳು.

ದುಬೈಯಲ್ಲಿ ಕನ್ನಡಿಗರ ಬಳಗದವರು ವಾರಾಂತ್ಯದ ಕನ್ನಡ ಪಾಠಶಾಲೆಯನ್ನು ಉಚಿತವಾಗಿ ನಡೆಸುತ್ತಾರೆ. ಯಕ್ಷಗಾನದ ಅಭ್ಯಾಸವೂ ಇಲ್ಲಿ ಉಂಟು. ಮಗನನ್ನು ಅದಕ್ಕೆ ಸೇರಿಸುವ ಬಗ್ಗೆ ಯೋಚಿಸು. ಹೆಜ್ಜೆಯ ಆಸೆಗೆ ಹೋದ ಹುಡುಗರು ಪದ್ಯ, ಮಾತು ಎರಡನ್ನೂ ಬಾಯಿಪಾಠ ಮಾಡಿಕೊಂಡು ಬರುವುದನ್ನು ನಾನು ಕಂಡಿದ್ದೇನೆ. ಅವನು ಇಂಗ್ಲಿಷಿನಲ್ಲಿ ಉತ್ತರಿಸಿದಾಗ ಗದರಿಸಬೇಡ. ಅದೇ ಮಾತನ್ನು ನೀನು ತುಳುವಿನಲ್ಲಿ ಹೇಳಿ ಮಾತು ಮುಂದುವರಿಸು.

ಉತ್ತರ 2 (ನಿವೃತ್ತ ಅಧ್ಯಾಪಕ, ನೀರ್ಚಾಲು)

ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿಯೇ ಸೇವೆ ಸಲ್ಲಿಸಿದವನು. ವಿದೇಶದಿಂದ ರಜೆಗೆ ಬರುವ ಮಕ್ಕಳನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ. ಅವರ ಹೆತ್ತವರೆಲ್ಲರೂ ಹೇಳುವುದೊಂದೇ: ಮನೆಯಲ್ಲಿ ನಮ್ಮ ಭಾಷೆಯನ್ನೇ ಮಾತನಾಡುತ್ತೇವೆ, ಆದ್ದರಿಂದ ಚಿಂತೆಯಿಲ್ಲ. ಮೈಸೂರಿನಿಂದಲೋ ಧಾರವಾಡದಿಂದಲೋ ಹೋದವರಿಗೆ ಈ ಮಾತು ಸ್ವಲ್ಪಮಟ್ಟಿಗೆ ಒಪ್ಪಬಹುದು. ನಮ್ಮ ಕಾಸರಗೋಡಿಗೆ ಒಪ್ಪುವುದಿಲ್ಲ. ಇಲ್ಲಿ ಒಂದು ಮನೆಯಲ್ಲಿ ತುಳು, ಇನ್ನೊಂದರಲ್ಲಿ ಹವ್ಯಕ ಕನ್ನಡ, ಮತ್ತೊಂದರಲ್ಲಿ ಕೊಂಕಣಿಯೋ ಮರಾಠಿಯೋ. ಇವರೆಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಕನ್ನಡಿಗರನ್ನಾಗಿ ಮಾಡಿದ್ದು ಶಾಲೆ. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿದ ಮೇಲೂ ಬರಹದ ಕನ್ನಡ ಇಲ್ಲಿ ಉಳಿದಿದ್ದರೆ ಅದಕ್ಕೆ ಶಾಲೆ, ಪತ್ರಿಕೆ ಮತ್ತು ತಾಳಮದ್ದಳೆಯ ಕೂಟಗಳು ಕಾರಣ. ನಿಮ್ಮ ಮಕ್ಕಳಿಗೆ ತಪ್ಪಿಹೋಗಿರುವುದು ಈ ಮೂರೂ. ಮನೆಯಲ್ಲಿ ಎಷ್ಟೇ ತುಳು ಮಾತನಾಡಿದರೂ ಅದರಿಂದ ಕನ್ನಡದ ಪುಟ ಓದಲು ಬರುವುದಿಲ್ಲ. ಆದ್ದರಿಂದ ನಿಮ್ಮ ಶ್ರಮವೆಲ್ಲ ಓದಿಗೆ ಮೀಸಲಾಗಲಿ; ಮಾತಿನ ಬಗ್ಗೆ ಅಷ್ಟೊಂದು ಕಳವಳ ಪಡಬೇಡಿ.

ಮಗಳಿಗೆ ಹೊಸ ಪುಸ್ತಕ ಹುಡುಕುತ್ತ ಕಾಲ ಕಳೆಯುವುದು ಬೇಡ. ಕೇರಳ ಸರಕಾರದ ‘ಸಮಗ್ರ’ ಎಂಬ ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ದೊರೆಯುತ್ತವೆ. ಅವಳು ಬಿಟ್ಟುಬಂದ ಗೆಳತಿಯರು ಓದುತ್ತಿರುವ ಪುಸ್ತಕವನ್ನೇ ಅವಳೂ ಓದುವಂತಾದರೆ ಅವರೊಡನೆ ಮಾತನಾಡಲು ವಿಷಯವೂ ಸಿಗುತ್ತದೆ. ಕತೆಗಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಇದೆ, ಅಲ್ಲಿ ಹಂತ ಹಂತವಾಗಿ ವಿಂಗಡಿಸಿದ ಕನ್ನಡ ಪುಸ್ತಕಗಳು ಉಚಿತ. ಪ್ರತಿದಿನ ಹದಿನೈದು ನಿಮಿಷ ಗಟ್ಟಿಯಾಗಿ ಓದು, ಶುಕ್ರವಾರ ಐದಾರು ಸಾಲು ಉಕ್ತಲೇಖನ. ಇಷ್ಟು ನಡೆದರೆ ಒತ್ತಕ್ಷರ ಮರೆತುಹೋಗುವುದಿಲ್ಲ. ಮೊದಲು ಕೈತಪ್ಪುವುದು ಒತ್ತಕ್ಷರವೇ, ಆಮೇಲೆ ದೀರ್ಘ, ಆಮೇಲೆ ಮಹಾಪ್ರಾಣ.

ಮಗನಿಗೆ ಅ ಆ ಇ ಈ ಎಂದು ಪಟ್ಟಿಯನ್ನು ಒಪ್ಪಿಸಲು ಹಚ್ಚಬೇಡಿ. ದಿನಕ್ಕೆ ಮೂರು ಭಾಷೆಯ ಅಕ್ಷರಗಳನ್ನು ನೋಡುವ ಮಗುವಿಗೆ ಅರ್ಥವಿಲ್ಲದ ಐವತ್ತು ಗುರುತುಗಳು ಬೇಸರ ತರಿಸುತ್ತವೆ. ಕರ್ನಾಟಕದ ನಲಿಕಲಿ ತರಗತಿಗಳಲ್ಲಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ತೊಡಗುತ್ತಾರೆ. ಐದನ್ನು ಕಲಿತ ದಿನವೇ ಮಗು ಸರ, ಅರಸ, ಅಗಸ, ದಸರ, ಗರಗಸ ಎಂದು ಓದಬಲ್ಲದು. ಓದಲು ಬರುತ್ತದೆಂಬ ಧೈರ್ಯ ಮೊದಲ ವಾರದಲ್ಲಿಯೇ ಬಂದರೆ ಮುಂದಿನ ಅಕ್ಷರಗಳನ್ನು ಅವನೇ ಕೇಳಿ ಕಲಿಯುತ್ತಾನೆ.

ಇನ್ನೊಂದು ಮಾತು. ನಿಮ್ಮಲ್ಲಿ ಜುಲೈ, ಆಗಸ್ಟ್ ಬೇಸಗೆ ರಜೆ. ಅದೇ ಹೊತ್ತಿಗೆ ಇಲ್ಲಿ ಶಾಲೆಗಳು ನಡೆಯುತ್ತಿರುತ್ತವೆ. ಊರಿಗೆ ಬಂದಾಗ ಹಳೆಯ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಕೆಲವು ದಿನ ಮಗಳು ಗೆಳತಿಯರ ಜೊತೆ ತರಗತಿಯಲ್ಲಿ ಕುಳಿತುಕೊಳ್ಳಬಹುದೇ ಎಂದು ಕೇಳಿ. ಹಾಜರಿ ಪುಸ್ತಕದಲ್ಲಿ ಹೆಸರು ಬೇಕಾಗಿಲ್ಲ. ನಮ್ಮ ಕಾಲದಲ್ಲಿ ಇಂಥ ಮಕ್ಕಳನ್ನು ನಾವು ಸಂತೋಷದಿಂದ ಕೂರಿಸಿಕೊಳ್ಳುತ್ತಿದ್ದೆವು.

ಉತ್ತರ 3 (ಮುಳ್ಳೇರಿಯದವರು, ದೋಹಾ)

ಪೆರ್ಲದ ಅಕ್ಕನವರ ಮಾತಿಗೆ ನನ್ನದೊಂದು ತಕರಾರು ಇದೆ. ನೀವು ಹಿಂದಿರುಗುವಾಗ ಊರಿಗೇ ಹೋಗುತ್ತೀರೋ ಅಥವಾ ಮಂಗಳೂರಿನಲ್ಲಿ ಮನೆ ಮಾಡುತ್ತೀರೋ ಎಂಬುದನ್ನು ಈಗಲೇ ಯೋಚಿಸಿಕೊಳ್ಳಿ. ಕೊಲ್ಲಿಯಿಂದ ಮರಳುವ ನಮ್ಮವರಲ್ಲಿ ಬಹಳ ಮಂದಿ ಮಕ್ಕಳ ಓದಿಗೆಂದು ಮಂಗಳೂರಿನಲ್ಲಿ ನೆಲೆಸುತ್ತಾರೆ. ಅಲ್ಲಿಯ ಶಾಲೆಗಳಲ್ಲಿ ಕನ್ನಡ, ಹಿಂದಿ ಸಿಗುತ್ತವೆ, ಮಲಯಾಳವನ್ನು ಮುಂದುವರಿಸಲು ದಾರಿಯಿಲ್ಲ. ನಾವು ಈ ಲೆಕ್ಕದಿಂದ ಇಬ್ಬರಿಗೂ ಹಿಂದಿ ಕೊಡಿಸಿದೆವು. ಮಗಳಿಗೆ ಮೊದಲ ವರ್ಷ ಕಷ್ಟವಾಗುತ್ತದೆಂಬುದು ನಿಜ; ಮಗ ಒಂದನೆಯ ತರಗತಿಯಲ್ಲಿರುವುದರಿಂದ ಅವನಿಗೆ ಆ ಕಷ್ಟವೂ ಇಲ್ಲ. ಇಬ್ಬರಿಗೂ ಒಂದೇ ಭಾಷೆ ಆಗಬೇಕೆಂದೇನೂ ಇಲ್ಲವಲ್ಲ.

ಉತ್ತರ 4 (ಅಬುಧಾಬಿಯಿಂದ ಮರಳಿದವರು, ಮಂಜೇಶ್ವರ)

ಅಧ್ಯಾಪಕರು ಹೇಳಿದ್ದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ನಾವು ಮರಳಿದಾಗ ಮಗ ಎಂಟನೆಯ ತರಗತಿ, ಮಗಳು ಆರು. ಅವಳು ಅಜ್ಜಿಯ ಒತ್ತಾಯದಿಂದ ಕನ್ನಡ ಓದುತ್ತ ಬಂದಿದ್ದಳು. ಮಗನಿಗೆ ಆಟದ ಹುಚ್ಚು, ಪುಸ್ತಕ ಮುಟ್ಟುತ್ತಿರಲಿಲ್ಲ. ಇಬ್ಬರ ಮಾತೂ ಒಂದೇ ತೆರನಾಗಿತ್ತು, ಯಾರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಇಬ್ಬರನ್ನೂ ಇಂಗ್ಲಿಷ್ ಮಾಧ್ಯಮಕ್ಕೇ ಸೇರಿಸಿದೆವು. ಕೇರಳದಲ್ಲಿ ಇಂಗ್ಲಿಷ್ ಮಾಧ್ಯಮದವರೂ ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಬರೆಯಬಹುದು. ಮಗಳು ಅದನ್ನೇ ಆರಿಸಿಕೊಂಡಳು. ಮಗನಿಗೆ ಅದು ಸಾಧ್ಯವಾಗಲಿಲ್ಲ, ಅದರ ನೋವು ಅವನಿಗೆ ಈಗಲೂ ಇದೆ.

ಮುಂದಿನ ಓದು, ಕೆಲಸಗಳಿಗೂ ಇದರ ಸಂಬಂಧವಿದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅವಕಾಶವಿದ್ದು, ತುಳು ಮನೆಮಾತಿನವರೂ ಅದರಲ್ಲಿ ಸೇರುತ್ತಾರೆ. ಆದರೆ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವಾಸ ಮತ್ತು ವಿದ್ಯಾಭ್ಯಾಸದ ಷರತ್ತುಗಳೂ ಇರುವುದರಿಂದ ಹೊರದೇಶದಲ್ಲಿ ಓದಿದವರು ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಗಮನವಿಟ್ಟು ಓದಬೇಕು. ಇತ್ತ ಕೇರಳದ ಪಿಎಸ್‌ಸಿ ಕಾಸರಗೋಡು ಜಿಲ್ಲೆಗಾಗಿ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರಿಗೆ ಪ್ರತ್ಯೇಕ ಹುದ್ದೆಗಳನ್ನು ಕರೆಯುತ್ತದೆ. ಹಾಗಾಗಿ ಮಲಯಾಳ ವ್ಯರ್ಥವೆಂದು ಹೇಳಲಾರೆ.

ರಜೆಯ ಬಗ್ಗೆಯೂ ಒಂದು ಸಲಹೆ. ಯಾವಾಗಲೂ ಜುಲೈಯಲ್ಲಿ ಮಾತ್ರ ಬಂದರೆ ಮಕ್ಕಳಿಗೆ ಊರೆಂದರೆ ಆಟಿಯ ಮಳೆ, ಜಾರುವ ಅಂಗಳ, ಕರೆಂಟಿಲ್ಲದ ರಾತ್ರಿ ಇಷ್ಟೇ ಆಗಿಬಿಡುತ್ತದೆ. ಆಗ ಯಕ್ಷಗಾನ ಮೇಳಗಳ ತಿರುಗಾಟವಿಲ್ಲ, ಕೋಲವಿಲ್ಲ, ಜಾತ್ರೆಯಿಲ್ಲ, ಮಾವು ಹಲಸಿನ ಕಾಲ ಮುಗಿದಿರುತ್ತದೆ. ಟಿಕೆಟಿನ ದರ ಡಿಸೆಂಬರಿನಲ್ಲಿಯೂ ಏರುತ್ತದೆ, ಕುಂಬಳೆಯ ಜಾತ್ರೆಗೆ ಮೊದಲೇ ಹಿಂದಿರುಗಬೇಕಾಗುತ್ತದೆ, ಆದರೂ ಎರಡು ವರ್ಷಕ್ಕೊಮ್ಮೆಯಾದರೂ ಡಿಸೆಂಬರಿನಲ್ಲಿ ಕರೆದುಕೊಂಡು ಬನ್ನಿ. ಅಂಗಳದ ತುಂಬ ಅಡಿಕೆ ಹರಡಿರುವಾಗ, ರಾತ್ರಿ ಬಯಲಾಟಕ್ಕೆ ಹೋಗಿ ಬಂದಾಗ ಅವರು ತಾವಾಗಿಯೇ ಕೇಳುವ ಪ್ರಶ್ನೆಗಳಿಗೆ ಲೆಕ್ಕವಿರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಅಕ್ಕನವರಿಗೆ, ಅಧ್ಯಾಪಕರಿಗೆ, ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಯಜಮಾನರೊಡನೆ ಮಾತನಾಡಿ ಮಗಳಿಗೆ ಮಲಯಾಳ, ಮಗನಿಗೆ ಹಿಂದಿ ಎಂದು ನಿಶ್ಚಯಿಸಿದ್ದೇವೆ. ಅಜ್ಜನಿಗೆ ಶುಕ್ರವಾರದ ವಿಷಯ ತಿಳಿಸಿದಾಗ ಪುಸ್ತಕದ ಒಂದು ಪ್ರತಿ ತಮ್ಮ ಕೈಯಲ್ಲಿಯೂ ಇರಬೇಕೆಂದು ಹೇಳಿ, ಬದಿಯಡ್ಕ ಪೇಟೆಯಲ್ಲಿ ಮುದ್ರಿಸಿ ತರಲು ನನ್ನ ತಮ್ಮನನ್ನು ಕಳುಹಿಸಿದ್ದಾರೆ. ಅಧ್ಯಾಪಕರಲ್ಲಿ ಒಂದು ವಿನಂತಿ: ಮಗಳು ಈಗ ಐದನೆಯ ತರಗತಿಯ ಪುಸ್ತಕವನ್ನು ಆರಂಭಿಸಬೇಕೋ, ನಾಲ್ಕನೆಯದನ್ನು ಮತ್ತೊಮ್ಮೆ ಓದಬೇಕೋ?

ಉತ್ತರ (ನಿವೃತ್ತ ಅಧ್ಯಾಪಕ, ನೀರ್ಚಾಲು)

ಐದನೆಯದನ್ನೇ ಆರಂಭಿಸಲಿ. ಓದಿದ ಪಾಠವನ್ನು ಮತ್ತೆ ಕೊಟ್ಟರೆ ಮಕ್ಕಳು ನೆನಪಿನಿಂದ ಒಪ್ಪಿಸುತ್ತಾರೆ, ಓದುವುದಿಲ್ಲ. ಗದ್ಯಪಾಠದಿಂದ ತೊಡಗಿ, ಪದ್ಯಗಳನ್ನು ಅಜ್ಜನಿಗೆ ಬಿಡಿ.