ಸಹಾಯ ಬೇಕು: ಹಳೇ ಮಾರುತಿ 800ರ ರೇಡಿಯೇಟರ್ ತೊಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಪೆರ್ಲದವನು. ಅಪ್ಪನ ಕಾಲದ 1998ರ ಮಾರುತಿ 800 ಇನ್ನೂ ಓಡಿಸ್ತಾ ಇದ್ದೇನೆ. ವಿಟ್ಲಕ್ಕೆ ಹೋಗುವಾಗ ಏರು ಬಂತೆಂದರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಇಂಜಿನ್ ಪೂರ್ತಿ ತಣಿದ ಮೇಲೆ ಕ್ಯಾಪ್ ತೆಗೆದು ನೋಡಿದರೆ ಒಳಗೆ ಕೂಲಂಟ್ ಅಲ್ಲ, ಕೆಂಪು ಕೆಸರು! ತಪ್ಪು ನಮ್ಮದೇ. ವರ್ಷಗಟ್ಟಲೆ ತೋಟದ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ನೀರನ್ನೇ ತುಂಬಿಸಿದ್ದೆವು. ಕುಡಿಯಲು ಅಮೃತ, ಆದರೆ ಇಂಜಿನ್‌ಗೆ ತುಕ್ಕು ಹಿಡಿಯುವುದನ್ನು ಅದು ತಡೆಯುವುದಿಲ್ಲ ಅಲ್ವಾ.

ಈಗ ಕೆಳಗಿನ ಹೋಸ್ ಬಿಚ್ಚಿ ಎಲ್ಲ ಖಾಲಿ ಮಾಡಿ, ಥರ್ಮೋಸ್ಟಾಟ್ ತೆಗೆದು, ತಿಳಿನೀರು ಬರುವವರೆಗೆ ತೊಳೆಯಬೇಕು ಅಂತಿದ್ದೇನೆ. ಕೊನೆಗೆ ಅರ್ಧ ಕೂಲಂಟ್, ಅರ್ಧ ಬ್ಯಾಟರಿ ನೀರು (ಆಸಿಡ್ ಅಲ್ಲ, ಡಿಸ್ಟಿಲ್ಡ್ ವಾಟರ್).

ನನ್ನ ಹೆದರಿಕೆ ಒಂದೇ. ಫ್ಲಶ್ ಮಾಡುವ ಕೆಮಿಕಲ್ ಹಾಕಿದರೆ ಹಳೇ ರೇಡಿಯೇಟರ್‌ನಲ್ಲಿ ತುಕ್ಕೇ ಮುಚ್ಚಿಟ್ಟ ತೂತುಗಳು ಬಾಯಿ ಬಿಡಬಹುದಾ? ಸುಮ್ನೆ ಬರೀ ನೀರಲ್ಲಿ ನಾಲ್ಕೈದು ಸಲ ತೊಳೆದರೆ ಸಾಕಾ? ಹೋಸ್‌ಗಳೂ ಮೆತ್ತಗಾಗಿವೆ, ಅವನ್ನು ಹೇಗೂ ಬದಲಿಸುತ್ತೇನೆ.

ಹಾಗೇ, ಹೊರಗೆ ತೆಗೆದ ನೀರನ್ನು ಎಲ್ಲಿ ಚೆಲ್ಲುತ್ತೀರಿ? ಕೂಲಂಟ್ ಸಿಹಿ ವಿಷ, ಅಂಗಳದಲ್ಲಿ ನಾಯಿ, ದನ ಎರಡೂ ಇವೆ. ಮಾಡಿ ನೋಡಿದವರು ದಯವಿಟ್ಟು ಹೇಳಿ. ಕಾಸರಗೋಡು, ಬದಿಯಡ್ಕ ಕಡೆ ಹಳೇ ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡುವವರಿದ್ದರೂ ತಿಳಿಸಿ.