ಸೂರ್ಯಕಾಂತಿ: ಬುಡದ ಎಲೆ ಹಳದಿ, ತೆನೆಯ ನಡುವೆ ಜೊಳ್ಳು. ಈಗ ಯೂರಿಯಾ ಕೊಡಬಹುದೇ?

ಪ್ರಶ್ನೆ (ಉರುಳಿ ಕಾಂಚನ್, ಪುಣೆ)
ಸುಣ್ಣದ ಅಂಶವಿರುವ ಕಪ್ಪು ನೆಲ, 20 ಗುಂಟೆ, ಹನಿ ನೀರಾವರಿ. ಬಿತ್ತುವಾಗ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) 39 ಕೆಜಿ, ಪೊಟ್ಯಾಶ್ 20 ಕೆಜಿ ಹಾಕಿದೆ, ಯೂರಿಯಾ ಹಾಕಿಲ್ಲ. ಈಗ ಮೊಗ್ಗು ಕಾಣುತ್ತಿದೆ, ಬುಡದ ಎಲೆಗಳು ಹಳದಿಯಾಗುತ್ತಿವೆ. ಕಳೆದ ಬೆಳೆಯಲ್ಲಿ ತೆನೆಯ ನಡುಭಾಗ ಪೂರಾ ಜೊಳ್ಳಾಗಿತ್ತು. ಈಗ ಯೂರಿಯಾ ಕೊಟ್ಟರೆ ಕಾಳಿಗೆ ಮುಟ್ಟುತ್ತದೆಯೇ?

ಉತ್ತರ 1 (ಪಿಂಪ್ರಿ)
ಮುಟ್ಟುತ್ತದೆ, ಆದರೆ ಈ ವಾರವೇ ಕೊಡಿ. ನೀರಾವರಿ ಬೆಳೆಗೆ ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಶ್ 60:90:60 ಕೆಜಿ ಎಂಬ ಲೆಕ್ಕ ಹಿಡಿದರೆ ನಿಮ್ಮ 20 ಗುಂಟೆಗೆ ಸಾರಜನಕ 12 ಕೆಜಿ ಬೇಕು. ಡಿಎಪಿಯಿಂದ 7 ಕೆಜಿ ಬಂದಿದೆ. ಉಳಿದ 5 ಕೆಜಿಗೆ ಯೂರಿಯಾ 11 ಕೆಜಿ. ಇದು ಬಿತ್ತಿದ 30ನೇ ದಿನದ ಹೊತ್ತಿಗೇ ಬೀಳಬೇಕಿತ್ತು. ಹನಿ ನೀರಿನಲ್ಲಿ ಎರಡು ಕಂತು ಮಾಡಿ, ಹೂ ಅರಳುವ ಮುಂಚೆ ಮುಗಿಸಿ.

ಕಾರಣ ಇಷ್ಟು: ಮೊಗ್ಗಿನಿಂದ ಹೂವಿನವರೆಗೆ ಬೇರು ಸಾರಜನಕವನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಹೂವಾದ ಮೇಲೆ ಆ ವೇಗ ಇಳಿಯುತ್ತದೆ; ಕಾಳು ತನಗೆ ಬೇಕಾದ ಸಾರಜನಕ, ರಂಜಕವನ್ನು ಬಹುಮಟ್ಟಿಗೆ ಎಲೆ, ಕಾಂಡದಿಂದಲೇ ಕಿತ್ತುಕೊಳ್ಳುತ್ತದೆ. ಮೊಗ್ಗಿನಲ್ಲೇ ಬುಡದ ಎಲೆ ಹಳದಿಯಾದರೆ ಗಿಡ ಹಳೆ ಎಲೆ ಬರಿದುಮಾಡಿ ತುದಿಗೆ ಸಾಗಿಸುತ್ತಿದೆ ಎಂದರ್ಥ. ಕಾಳು ಬಲಿಯುವಾಗ ಹಳದಿಯಾದರೆ ಅದು ಸಹಜ, ಆಗ ಯೂರಿಯಾ ಸುರಿಯುವುದು ದಂಡ.

ಪೊಟ್ಯಾಶ್ ಸಾಕು. ಗಿಡ ಅದನ್ನು ಬಹಳ ತೆಗೆದುಕೊಂಡರೂ ಕಾಳಿಗೆ ಹೋಗುವುದು ಸ್ವಲ್ಪವೇ. ಉಳಿದದ್ದು ಕಾಂಡ, ಎಲೆ, ತೆನೆಯ ತಟ್ಟೆಯಲ್ಲೇ ಇರುತ್ತದೆ. ಕೊಯ್ಲಾದ ಮೇಲೆ ದಂಟನ್ನು ಹೊಲದಾಚೆ ಸಾಗಿಸದೆ ಪುಡಿಮಾಡಿ ಮಣ್ಣಿಗೆ ಸೇರಿಸಿ.

ಉತ್ತರ 2 (ಫೋಂಡಾ, ಗೋವಾ)
ಜೊಳ್ಳಿಗೆ ಯೂರಿಯಾ ಮದ್ದಲ್ಲ, ಬೋರಾನ್ ಎಂಬ ಸೂಕ್ಷ್ಮ ಪೋಷಕಾಂಶದ ಕೊರತೆ ನೋಡಿ. ಇದು ನೀರಿನ ಜೊತೆ ಮೇಲೇರಿ ಎಲೆಯಲ್ಲಿ ನಿಂತುಬಿಡುತ್ತದೆ, ಸಾರಜನಕದಂತೆ ಹಳೆ ಎಲೆಯಿಂದ ತೆನೆಗೆ ಸಾಗಿ ಬರುವುದಿಲ್ಲ. ಹೂವಿನ ಹೊತ್ತಿಗೆ ನೆಲ ಒಣಗಿದರೆ ತೆನೆಗೆ ಸಿಗುವುದೇ ಇಲ್ಲ. ನಿಮ್ಮ ಸುಣ್ಣದ ನೆಲ ಅದನ್ನು ಹಿಡಿದಿಡುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಮಳೆಗೆ ತೊಳೆದುಹೋಗುತ್ತದೆ. ಎಳೆ ಎಲೆ ಸುಕ್ಕು, ತೆನೆ ಸೊಟ್ಟ, ತೆನೆಯ ಕೆಳಗೆ ಕಾಂಡ ಸೀಳು ಕಂಡರೆ ಅನುಮಾನವೇ ಬೇಡ.

ಹೊರಸುತ್ತಿನ ಹಳದಿ ದಳ ಬಿಚ್ಚುವಾಗ ಲೀಟರಿಗೆ 2 ಗ್ರಾಂ ಬೋರಾಕ್ಸ್ (ಬೋರಾನ್ ಇರುವ ಲವಣ), ತೆನೆಗೇ ತಾಗುವಂತೆ ಸಿಂಪಡಿಸಿ. 20 ಗುಂಟೆಗೆ 100 ಲೀಟರ್, ಅಂದರೆ 200 ಗ್ರಾಂ. ತಣ್ಣೀರಿನಲ್ಲಿ ಸರಿಯಾಗಿ ಕರಗದೆ ನಾಝಲ್ ಕಟ್ಟುತ್ತದೆ, ಮೊದಲು ಬಿಸಿನೀರಿನಲ್ಲಿ ಕರಗಿಸಿ. ಪ್ರಮಾಣ ಮೀರಬೇಡಿ, ಎಲೆಯಂಚು ಸುಡುತ್ತದೆ. ಸಂಜೆ ಹೊಡೆಯಿರಿ, ಬೆಳಿಗ್ಗೆ ಜೇನು ಬರಲಿ.

ಪ್ರಶ್ನೆ ಕೇಳಿದವರು
ಬೋರಾಕ್ಸ್ ಒಂದರಿಂದಲೇ ನಡುಭಾಗ ತುಂಬುತ್ತದೆಯೇ?

ಉತ್ತರ 1
ಇಲ್ಲ. ಹೂ ಅಂಚಿನಿಂದ ಒಳಕ್ಕೆ ಅರಳುತ್ತದೆ, ನಡುವಿನವು ಕೊನೆಗೆ. ಅಷ್ಟರಲ್ಲಿ ಅಂಚಿನ ಕಾಳು ಆಹಾರ ಎಳೆಯಲು ಶುರುಮಾಡಿರುತ್ತದೆ. ನೀರು ತಪ್ಪಿದರೆ, ಜೇನು ಬಾರದಿದ್ದರೆ ಮೊದಲು ಸೊರಗುವುದು ನಡುಭಾಗವೇ. ಅರಳಲು ಶುರುವಾದಂದಿನಿಂದ ಕಾಳು ತುಂಬುವವರೆಗೆ ಹನಿ ನಿಲ್ಲಿಸಬೇಡಿ.